ನಾಲ್ಕೂವರೆ ವರ್ಷದ ಮಗನಿಗೆ ಮನೆಯಲ್ಲೇ ಆನ್‌ಲೈನ್ ಕಿಂಡರ್‌ಗಾರ್ಟನ್ ಸಾಕಾಗುತ್ತಾ?

ನಿಮ್ಮ ಮಗನಿಗೆ ನಾಲ್ಕೂವರೆ ವರ್ಷ, ಈ ವರ್ಷ ಮನೆಯಿಂದಲೇ ಆನ್‌ಲೈನ್ ಕಿಂಡರ್‌ಗಾರ್ಟನ್. ದಿನಕ್ಕೆ ಎರಡೂವರೆ ಗಂಟೆ ಕ್ಲಾಸ್, ಆದರೆ ಅವನು ಹತ್ತು ನಿಮಿಷಕ್ಕೇ ಎದ್ದು ಓಡುತ್ತಾನೆ. ತಪ್ಪು ಅವನದಾ, ಕ್ಲಾಸಿನದಾ ಅಂತ ಕೇಳಿದ್ದೀರಿ. ಅವನದಂತೂ ಅಲ್ಲ. ಆ ಚಿಂತೆ ಬಿಟ್ಟುಬಿಡಿ.

ನಾನು ಇದೇ ವಯಸ್ಸಿನ ಮಕ್ಕಳ ಟೀಚರ್. ಕೋವಿಡ್‌ನಲ್ಲಿ ಶಾಲೆ ಮುಚ್ಚಿದ್ದಾಗ ಪೂರ್ತಿ ಲ್ಯಾಪ್‌ಟಾಪ್ ಮುಂದೆ ಕೂತೇ ಪಾಠ ಮಾಡಿದೆ. ಶುರುವಿನಲ್ಲಿ ಶಾಲೆಯ ಟೈಮ್‌ಟೇಬಲನ್ನೇ ತಂದು ಸ್ಕ್ರೀನಿಗೆ ಹಾಕಿದ್ದೆ. ಅಕ್ಷರ, ಅಂಕಿ, ಬಣ್ಣ, ಹಾಡು, ಒಂದಾದ ಮೇಲೆ ಒಂದು. ಮಕ್ಕಳು ಕುರ್ಚಿಯಿಂದ ಜಾರುತ್ತಿದ್ದರು, ಕ್ಯಾಮೆರಾದಲ್ಲಿ ಬರೀ ಹಣೆ ಕಾಣುತ್ತಿತ್ತು. "ಸರಿಯಾಗಿ ಕೂತ್ಕೋ" ಅಂತ ಹೇಳುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು.

ಒಂದು ದಿನ ಸಾಕಾಗಿ, ಎಲ್ಲರೂ ಹೋಗಿ ಕೆಂಪು ಬಣ್ಣದ್ದು ಏನಾದರೂ ಹುಡುಕಿಕೊಂಡು ಬನ್ನಿ ಅಂದೆ. ಒಬ್ಬಳು ತುಂಬಾ ಹೊತ್ತು ಬರಲೇ ಇಲ್ಲ. ಆಮೇಲೆ ಉಸಿರು ಕಟ್ಟಿಕೊಂಡು ಓಡಿ ಬಂದಳು, ಎರಡು ಕೈಯಲ್ಲೂ ಒಂದೊಂದು ಕಾಲುಚೀಲ. ಒಂದು ಹೊಸದು, ಇನ್ನೊಂದು ಒಗೆದು ಒಗೆದು ಬಣ್ಣ ಬಿಟ್ಟದ್ದು. ಹಳೆಯದನ್ನ ಕ್ಯಾಮೆರಾಗೆ ಒತ್ತಿ ಹಿಡಿದು, "ಮಿಸ್, ಇದೂ ಕೆಂಪೇನಾ?" ಅಂದಳು. ಅವತ್ತು ಎಲ್ಲ ಮಕ್ಕಳೂ ಒಟ್ಟಿಗೇ ಮಾತಾಡಿದರು. ಒಬ್ಬ ಗುಲಾಬಿ ಅಂದ, ಇನ್ನೊಬ್ಬಳು ಹಳೇ ಕೆಂಪು ಅಂದಳು. ಇಡೀ ವಾರದಲ್ಲಿ ಅವರು ಬಣ್ಣದ ಬಗ್ಗೆ ನಿಜವಾಗಿ ಯೋಚಿಸಿದ್ದು ಆ ಐದು ನಿಮಿಷ. ಅದೂ ಎದ್ದು ಓಡಿದ್ದರಿಂದ.

ಹಾಗಾಗಿ ಕ್ಲಾಸ್ ಹೇಗಿದೆ ಅಂತ ತಿಳಿಯಲು ನೀವು ನೋಡಬೇಕಾದ್ದು ಒಂದೇ. ನಿಮ್ಮ ಮಗ ಏನಾದರೂ ಹೇಳಿದರೆ ಆ ಕಡೆಯಿಂದ ಉತ್ತರ ಬರುತ್ತಾ? ಎರಡು ವರ್ಷ ದಾಟಿದ ಪುಟ್ಟ ಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಎದುರಿಗೇ ಕೂತು ಹೇಳಿಕೊಟ್ಟಾಗ ಮಕ್ಕಳು ಹೊಸ ಪದ ಕಲಿತರು. ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಾ ಹೇಳಿಕೊಟ್ಟಾಗಲೂ ಕಲಿತರು. ಮೊದಲೇ ರೆಕಾರ್ಡ್ ಮಾಡಿದ ವಿಡಿಯೋ ತೋರಿಸಿದಾಗ ಮಾತ್ರ ಕಲಿಯಲಿಲ್ಲ. ಸ್ಕ್ರೀನ್ ಅದೇ, ಆದರೆ ಕಾಲ್‌ನಲ್ಲಿದ್ದ ಮನುಷ್ಯ ಮಗುವಿಗೆ ಕಾಯುತ್ತಿದ್ದ, ಅದು ಹೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ನಿಮ್ಮ ಮಗ ಆ ಮಕ್ಕಳಿಗಿಂತ ದೊಡ್ಡವನು, ನಿಜ. ಆದರೂ ನನ್ನ ಕ್ಲಾಸಿನಲ್ಲಿ ನಾನು ಕಂಡದ್ದೂ ಅದನ್ನೇ. ಐದಾರು ಮಕ್ಕಳ ಲೈವ್ ಕ್ಲಾಸ್ ಆದರೆ ಇಟ್ಟುಕೊಳ್ಳಿ. ಮೂವತ್ತು ಮಕ್ಕಳನ್ನ ಮ್ಯೂಟ್ ಮಾಡಿ ಸ್ಲೈಡ್ ತೋರಿಸುವುದಾದರೆ ಅದು ಟೀವಿಗಿಂತ ಜಾಸ್ತಿ ಏನೂ ಅಲ್ಲ.

ಇನ್ನು ಎರಡೂವರೆ ಗಂಟೆ. ಇದು ಜಾಸ್ತಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಮಾರ್ಗಸೂಚಿ ಕೊಟ್ಟಿದೆ. ಮೂರು ನಾಲ್ಕು ವರ್ಷದವರು ಕೂತು ಸ್ಕ್ರೀನ್ ನೋಡುವುದು ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅದೇ ಮಾರ್ಗಸೂಚಿ ಪ್ರಕಾರ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಷ್ಟು ಓಟ, ಜಿಗಿತ ಇರಬೇಕು. ನಿದ್ದೆ 10ರಿಂದ 13 ಗಂಟೆ. ಮೂರು ಗಂಟೆ ಓಡಾಡಬೇಕಾದ ಮೈಯನ್ನ ಎರಡೂವರೆ ಗಂಟೆ ಕುರ್ಚಿಗೆ ಕಟ್ಟಿದರೆ ಅವನು ಎದ್ದು ಓಡದೆ ಏನು ಮಾಡಬೇಕು ಹೇಳಿ? ಟೀಚರ್ ಹತ್ತಿರ ಮಾತಾಡಿ. ಇಪ್ಪತ್ತು ನಿಮಿಷದ ಎರಡು ಭಾಗ, ನಡುವೆ ದೊಡ್ಡ ಬಿಡುವು. ಇಷ್ಟು ಸಾಕು.

ಕಿಂಡರ್‌ಗಾರ್ಟನ್ ಶುರು ಮಾಡಿದ ಫ್ರೆಡರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬರ್ಗ್‌ನಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಸಂಸ್ಥೆ ತೆರೆದರು. ಅವರು ಮಕ್ಕಳ ಕೈಗೆ ಕೊಟ್ಟದ್ದು ಉಣ್ಣೆ ದಾರದ ಚೆಂಡು, ಮರದ ಗುಂಡು, ಮರದ ಘನ. ಇವತ್ತಿಗೂ ಈ ವಯಸ್ಸಿಗೆ ಬೇಕಾದ್ದು ಅದೇ. ನೂರರವರೆಗೆ ಗಡಗಡ ಹೇಳುವ ಮಗುವಿನ ಮುಂದೆ ಏಳು ಗುಂಡಿ ಹರಡಿ ಎಣಿಸು ಅಂದು ನೋಡಿ. ಒಂದನ್ನ ಎರಡು ಸಲ ಎಣಿಸುತ್ತದೆ, ಇನ್ನೊಂದನ್ನ ಬಿಟ್ಟುಬಿಡುತ್ತದೆ. ಒಂದೊಂದನ್ನೇ ಬೆರಳಲ್ಲಿ ಪಕ್ಕಕ್ಕೆ ತಳ್ಳುತ್ತಾ ಎಣಿಸಲು ಕಲಿತಾಗ ಮಾತ್ರ ಏಳು ಅಂದರೆ ಏಳು ಆಗುತ್ತದೆ. ಆ್ಯಪ್‌ನಲ್ಲಿ ಹಾಗಲ್ಲ. ಸರಿ ಉತ್ತರ ಸಿಗುವವರೆಗೆ ಮಗು ಎಲ್ಲವನ್ನೂ ಒತ್ತುತ್ತಾ ಹೋಗುತ್ತದೆ, ಕೊನೆಗೆ ಚಪ್ಪಾಳೆಯೂ ಸಿಗುತ್ತದೆ. ಬರವಣಿಗೆಯೂ ಅಷ್ಟೇ. ಪೆನ್ಸಿಲ್‌ಗೆ ಮೊದಲು ಬೆರಳಿಗೆ ಬಲ ಬರಬೇಕು. ಬಟ್ಟೆ ಕ್ಲಿಪ್ ಒತ್ತಿ ತೆಗೆಯುವುದು, ಕಾಗದ ಹರಿಯುವುದು, ಕತ್ತರಿಸುವುದು, ಗುಂಡಿ ಹಾಕಿಕೊಳ್ಳುವುದು, ಎಲ್ಲವೂ ಅದಕ್ಕೇ.

ಒಂದು ಮಾತು ಮನಸ್ಸಿಗೆ ತಗೋಬೇಡಿ. ನಾನು ಪ್ರಶ್ನೆ ಕೇಳಿದಾಗ ಸ್ಕ್ರೀನ್ ಹಿಂದಿನಿಂದ ಒಂದು ಪಿಸುಮಾತು ಬರುತ್ತಿತ್ತು. ಮಗು ಆ ಕಡೆ ತಿರುಗಿ ನೋಡಿ, ಆಮೇಲೆ ನನಗೆ ಉತ್ತರ ಹೇಳುತ್ತಿತ್ತು. ಅಪ್ಪ ಅಮ್ಮ ಪ್ರೀತಿಯಿಂದಲೇ ಹೇಳಿಕೊಡುತ್ತಿದ್ದರು, ಗೊತ್ತು. ಆದರೆ ಮಗುವಿಗೆ ಗೊತ್ತಿಲ್ಲ ಅನ್ನುವುದು ನನಗೆ ಗೊತ್ತಾಗಬೇಕಿತ್ತು. ನೀವು ಪಕ್ಕದಲ್ಲಿ ಕೂತಿರಿ, ಖಂಡಿತ ಕೂತಿರಿ. ಸುಮ್ನೆ ಕೂತಿರಿ. ಕ್ಲಾಸ್ ಮುಗಿದ ಮೇಲೆ ಅವತ್ತಿನ ಕಥೆಯನ್ನ ಅವನಿಂದಲೇ ಕೇಳಿ.

ಆನ್‌ಲೈನ್ ಕೊಡಲಾಗದ್ದು ಬೇರೆ ಮಕ್ಕಳ ಸಹವಾಸ. ಸರದಿಗೆ ಕಾಯುವುದು, ಜಗಳ ಆಡಿ ಮತ್ತೆ ಜೊತೆಯಾಗುವುದು ಇದನ್ನೆಲ್ಲ ನಾನು ಸ್ಕ್ರೀನಿನಲ್ಲಿ ಕಲಿಸಲಾಗಲಿಲ್ಲ. ವಾರಕ್ಕೆ ಮೂರು ನಾಲ್ಕು ಸಲವಾದರೂ ಒಂದಿಬ್ಬರು ಮಕ್ಕಳ ಜೊತೆ ಆಡಲು ಬಿಡಿ. ಕ್ಲಾಸ್ ತಪ್ಪಿದರೂ ಪರವಾಗಿಲ್ಲ, ಇದು ತಪ್ಪಬಾರದು.

ಒಂದನೇ ಕ್ಲಾಸಿಗೆ ಹಿಂದೆ ಬೀಳುತ್ತಾನಾ ಅಂತಲೂ ಬರೆದಿದ್ದೀರಿ. ಕಥೆಯನ್ನ ಕೊನೆಯವರೆಗೆ ಕೇಳುವ, ಬೇಕಾದ್ದನ್ನ ಬಾಯಿಬಿಟ್ಟು ಕೇಳುವ, ತನ್ನ ಶೂ ತಾನೇ ಹಾಕಿಕೊಳ್ಳುವ ಮಗು ಬಂದರೆ ನಮಗೆ ಟೀಚರ್‌ಗಳಿಗೆ ಅದಕ್ಕಿಂತ ಸಂತೋಷ ಇಲ್ಲ. ಅಕ್ಷರ ನಾವು ಕಲಿಸಿಕೊಳ್ಳುತ್ತೇವೆ. ನಾಳೆ ಅವನು ಹತ್ತು ನಿಮಿಷಕ್ಕೆ ಎದ್ದರೆ ಎಳೆದು ಕೂರಿಸಬೇಡಿ. ಕ್ಯಾಮೆರಾ ಆಫ್ ಮಾಡಿ, ಟೀಚರ್‌ಗೆ ಒಂದು ಮೆಸೇಜ್ ಹಾಕಿ, ಅವನ ಹಿಂದೆಯೇ ಹೋಗಿ ಏನು ಮಾಡುತ್ತಿದ್ದಾನೆ ನೋಡಿ.