ಸಾಲ ಮಾಡಿ ಕೊಟ್ಟ ಕಾಣಿಕೆ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಸುಗುಣಾ ಅನ್ನೋಣ. ವಯಸ್ಸು ನಲವತ್ತು ದಾಟಿದೆ, ಊರು ಗದಗ-ಬೆಟಗೇರಿ. ಗಂಡ ಪವರ್‌ಲೂಮ್‌ನಲ್ಲಿ ಕೂಲಿ ನೇಕಾರ. ಇವರು ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಬಾಸೆಲ್ ಮಿಷನ್ ಅನ್ನುವ ಯುರೋಪಿನ ಕ್ರೈಸ್ತ ಸಂಸ್ಥೆಯವರು 1837ರಲ್ಲಿ ಧಾರವಾಡಕ್ಕೆ, ಆಮೇಲೆ ಬೆಟಗೇರಿಗೂ ಬಂದರು. ಅಂದಿನಿಂದ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಇರುವ ಮನೆತನ ಇವರದು. ಇಂಥ ಮನೆಯವರಿಗೆ ‘ನಿನಗೆ ನಂಬಿಕೆ ಸಾಲದು’ ಅನ್ನೋ ಮಾತು ಬಹಳ ಚುಚ್ಚುತ್ತದೆ.

ನಿದ್ದೆ ಬರುವುದಿಲ್ಲ ಅಂತ ಬಂದಿದ್ದರು. ಮಾತಾಡುತ್ತಾ ಚೀಲದಿಂದ ಬೈಬಲ್ ತೆಗೆದರು. ಪ್ರವಾದಿ ಮಲಾಕಿಯನ ಪುಸ್ತಕದ 3ನೇ ಅಧ್ಯಾಯದಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ. ಬೋರಮಾಳ ಸರ ಅಡ ಇಟ್ಟ ರಸೀದಿ ಅದು. ಮನೆಮನೆಗಳಲ್ಲಿ ಸೇರುವ ಒಂದು ಪ್ರಾರ್ಥನಾ ಗುಂಪಿನಲ್ಲಿ, ದೇವರಿಗೆ ಕೊಟ್ಟಿದ್ದು ನೂರು ಪಟ್ಟು ತಿರುಗಿ ಬರುತ್ತದೆ ಅಂದಿದ್ದರಂತೆ. ಮೊದಲು ದಶಮಾಂಶ, ಅಂದರೆ ದುಡಿದದ್ದರಲ್ಲಿ ಹತ್ತನೇ ಒಂದು ಪಾಲು, ಕೊಟ್ಟರು. ಆಮೇಲೆ ಸಂಘದಲ್ಲಿ ಸಾಲ ತೆಗೆದು ಕೊಟ್ಟರು. ಕೊನೆಗೆ ಸರ. ಗಂಡನಿಗೆ ಯಾವುದೂ ಗೊತ್ತಿಲ್ಲ. ಅದೇ ಗುಂಪಿಗೆ ಹೋಗುವ ನಾದಿನಿ ಅಷ್ಟರಲ್ಲಿ ಮನೆ ಕಟ್ಟಿಸಿದ್ದರು.

“ಆಕಿಗೆ ಬಂತು, ನನಗ್ಯಾಕ ಬರಲಿಲ್ರಿ? ನನ್ನ ನಂಬಿಕೀನ ಕಡಿಮಿ ಐತೇನ್ರಿ?”

ಬಡವರ ಮನೆಯ ಬಂಗಾರ ಹೋಗಿ, ಮೇಲೆ ತಪ್ಪೂ ಅವರದೇ ಅನ್ನಿಸುವಂಥ ಬೋಧನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಆದರೆ ಸಿಟ್ಟಿನಿಂದ ಅವರಿಗೇನು ಉಪಯೋಗ? ಅವರು ನಂಬುವ ಪುಸ್ತಕವನ್ನೇ ಇಬ್ಬರೂ ಕೂತು ಓದಿದೆವು.

ಮಲಾಕಿಯ ಹೇಳುವ ದಶಮಾಂಶ ದೇವಾಲಯದ ಉಗ್ರಾಣಕ್ಕೆ ಹೋಗುತ್ತಿತ್ತು, ಅಲ್ಲಿ ಆಹಾರ ಇರಲಿ ಅಂತ. ಅದು ಬೆಳೆದದ್ದರಲ್ಲಿ ಹತ್ತರ ಒಂದು ಪಾಲು. ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಕೂಡಿಟ್ಟು ಲೇವಿಯರು (ದೇವಾಲಯದ ಸೇವೆಯ ಕುಲದವರು), ಪರದೇಶಿ, ಅನಾಥರು, ವಿಧವೆಯರು ಉಂಡು ತೃಪ್ತರಾಗಲಿ ಎಂದು ಧರ್ಮೋಪದೇಶಕಾಂಡದ 14ನೇ ಅಧ್ಯಾಯದಲ್ಲಿದೆ. ಸಾಲ ತಂದು ಕೊಡು ಅನ್ನುವ ಮಾತು ಎಲ್ಲೂ ಇಲ್ಲ. ಯೇಸುವಿನ ಅಪೊಸ್ತಲ ಪೌಲನಂತೂ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ (8:12) ಸ್ಪಷ್ಟವಾಗಿಯೇ ಹೇಳುತ್ತಾನೆ: ನಿನ್ನಲ್ಲಿ ಇರುವುದಕ್ಕೆ ತಕ್ಕಂತೆ ಕೊಟ್ಟರೆ ಅದು ಮೆಚ್ಚಿಗೆ, ಇಲ್ಲದ್ದನ್ನು ಯಾರೂ ಕೇಳಿಲ್ಲ. ಸುಗುಣಾ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. “ಇದನ್ನ ಯಾರೂ ಹೇಳಲಿಲ್ಲಲ್ರಿ” ಅಂದರು.

ಆಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರಕ್ಕೆ ಬಂದೆವು. ಯಾವ ಸ್ಥಿತಿಯಲ್ಲೂ ತೃಪ್ತನಾಗಿರಲು ಕಲಿತಿದ್ದೇನೆ ಎಂದು ಪೌಲ ಬರೆದದ್ದು ಸೆರೆಯಲ್ಲಿದ್ದಾಗ. ಹಸಿವೆಯನ್ನೂ ಕಂಡವನು, ಸಮೃದ್ಧಿಯನ್ನೂ ಕಂಡವನು. ಕಲಿತೆ ಅನ್ನುತ್ತಾನೆ, ಅಂದರೆ ಸುಮ್ನೆ ಒಂದೇ ದಿನಕ್ಕೆ ಬಂದದ್ದಲ್ಲ. ಇನ್ನೊಂದು ಸಂಗತಿಯನ್ನು ನಾವು ಜಾಸ್ತಿ ಗಮನಿಸುವುದಿಲ್ಲ. ಆ ಮಾತು ಬರುವುದು ಎಪಫ್ರೊದೀತನ ಕೈಯಲ್ಲಿ ಫಿಲಿಪ್ಪಿಯವರು ಕಳಿಸಿದ ನೆರವಿಗೆ ಉಪಕಾರ ನೆನೆಯುವಾಗ. ಅದು ಕೈಸೇರಿದ್ದರಿಂದ ನನ್ನ ಕೊರತೆ ತುಂಬಿದೆ ಎಂದೂ ಬರೆಯುತ್ತಾನೆ. ತೃಪ್ತನಾದವನೂ ಬೇರೆಯವರ ಸಹಾಯ ತೆಗೆದುಕೊಂಡ, ಅಲ್ವಾ? ಸುಗುಣಾ ಕೊಡುವುದನ್ನಷ್ಟೇ ಭಕ್ತಿ ಅಂದುಕೊಂಡಿದ್ದರು. ಸಾಲ ಇದೆ ಅಂದರೆ ಆಶೀರ್ವಾದ ಇಲ್ಲ ಅಂದಂತೆ ಎಂದು ಹೆದರಿ, ಸಭೆಯಲ್ಲಿ ಒಬ್ಬರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ನಾನು ಹೇಳಿದ್ದು ಇಷ್ಟು. ಸಾಲ ತೀರುವವರೆಗೆ ಆ ಗುಂಪಿಗೆ ಹಣ ಕೊಡಬೇಡಿ. ಸಭೆಯ ಕಾಣಿಕೆಗೆ ಕೈಲಾದಷ್ಟು ಹಾಕಿ, ಹತ್ತು ರೂಪಾಯಿಯಾದರೂ ಸಾಕು. ಈ ವಾರವೇ ಗಂಡನಿಗೆ ಹೇಳಿ. ಒಬ್ಬರೇ ಹೇಳಲು ಭಯವಾದರೆ ಇಲ್ಲಿಗೇ ಕರೆದುಕೊಂಡು ಬನ್ನಿ. ಮಹಿಳಾ ಕೂಟದಲ್ಲಿ ನಿಮಗೆ ನಂಬಿಕೆಯಿರುವ ಒಬ್ಬ ಹಿರಿಯರಿಗೆ ಸಾಲದ ವಿಷಯ ತಿಳಿಸಿ. ನಾದಿನಿ ಮನೆಯ ಲೆಕ್ಕ ನಿಮಗೆ ಗೊತ್ತಿಲ್ಲ, ಅದರಿಂದ ನಿಮ್ಮ ನಂಬಿಕೆ ಅಳೆಯಬೇಡಿ.

ಮುಂದಿನ ಸಲ ಗಂಡನೂ ಬಂದರು. ಸಿಟ್ಟಾಗಿದ್ದರು, ಆದರೆ ಎದ್ದು ಹೋಗಲಿಲ್ಲ. “ನನಗ ಮೊದಲ ಹೇಳಬೇಕಿತ್ತಲಾ” ಎಂದಷ್ಟೇ ಅಂದರು. ಯಾವ ಸಾಲಕ್ಕೆ ಬಡ್ಡಿ ಜಾಸ್ತಿ ಎಂದು ಮೂವರೂ ಕೂತು ಪಟ್ಟಿ ಮಾಡಿದೆವು. ಸರ ಇನ್ನೂ ಬಿಡಿಸಿಲ್ಲ. ಕೂಟದ ಹಿರಿಯಕ್ಕ ಒಬ್ಬರು ಮಗಳ ಮದುವೆಯ ಬ್ಲೌಸುಗಳನ್ನು ಹೊಲಿಯಲು ಕೊಟ್ಟಿದ್ದಾರೆ, ಮುಂಗಡವನ್ನೂ ಕೊಟ್ಟಿದ್ದಾರೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ಮತ್ತೆ ಕೆಟ್ಟರೆ ತಡ ಮಾಡದೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತೋರಿಸಿ, ಅದೂ ನಂಬಿಕೆಯ ಕೊರತೆ ಅಲ್ಲ ಎಂದು ಹೇಳಿದ್ದೇನೆ.