ಲಿಂಕಿಗೆ ತುದಿ ಎರಡು, ಬರೆದಿಡುವುದು ಒಂದೇ ಕಡೆ

ಪ್ರಶ್ನೆ: ಸರ್, ನಮ್ಮದು ಶಿರಸಿಯಲ್ಲಿ ಮುಖ್ಯ ಕಚೇರಿ ಇರುವ ಸಹಕಾರಿ ಸಂಘ. ಕುಮಟಾ, ಹೊನ್ನಾವರ, ಸಿದ್ದಾಪುರ, ಯಲ್ಲಾಪುರದಲ್ಲಿ ಶಾಖೆಗಳಿವೆ. ಇಲ್ಲಿ ಸಿಸ್ಕೋದ ನೆಕ್ಸಸ್ ಸ್ವಿಚ್, ಶಾಖೆಗಳಲ್ಲಿ ಅದೇ ಕಂಪನಿಯ ಕ್ಯಾಟಲಿಸ್ಟ್, ನಡುವೆ ಓಎಸ್‌ಪಿಎಫ್ (ಯಾವ ದಾರಿಯಲ್ಲಿ ಹೋಗಬೇಕೆಂದು ಸ್ವಿಚ್ಚುಗಳು ತಮ್ಮೊಳಗೆ ಮಾತಾಡಿಕೊಂಡು ತೀರ್ಮಾನಿಸುವ ಪ್ರೋಟೋಕಾಲ್). ಪ್ರತಿ ಶಾಖೆಗೂ ಒಂದು ಫೈಬರ್, ಬ್ಯಾಕಪ್ಪಿಗೆ ಒಂದು ವೈರ್‌ಲೆಸ್. ಮಳೆಗಾಲದಲ್ಲಿ ಫೈಬರ್ ಪೂರ್ತಿ ಸಾಯುವುದಿಲ್ಲ, ಹೋಗಿ ಬಂದು ಮಾಡುತ್ತಿರುತ್ತದೆ. ಆಗ ನಾನು ಒಂದೊಂದೇ ಸ್ವಿಚ್ಚಿಗೆ ಲಾಗಿನ್ ಆಗಿ ಫೈಬರ್ ಇಂಟರ್‌ಫೇಸಿನ (ಪೋರ್ಟಿನ) ಕಾಸ್ಟ್ ಏರಿಸುತ್ತೇನೆ (ಕಾಸ್ಟ್ ಕಡಿಮೆ ಇರುವ ದಾರಿಯನ್ನೇ ಓಎಸ್‌ಪಿಎಫ್ ಹಿಡಿಯುತ್ತದೆ), ಸರಿಯಾದ ಮೇಲೆ ಇಳಿಸುತ್ತೇನೆ. ಈಗ ಹಲೋ ಟೈಮರನ್ನೂ (ನೆರೆಯ ಸ್ವಿಚ್ಚಿಗೆ 'ಇದ್ದೇನೆ' ಎಂದು ಹೇಳುವ ಅಂತರ) ಎಲ್ಲ ಕಡೆ ಕಡಿಮೆ ಮಾಡಬೇಕಿದೆ. ಇದನ್ನೆಲ್ಲ ಆನ್ಸಿಬಲ್ ಎಂಬ ಸಾಫ್ಟ್‌ವೇರಿನಲ್ಲಿ ತಾನಾಗಿ ಆಗುವಂತೆ ಮಾಡಬಹುದು ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ? ಒಂದು ತಪ್ಪಿಗೆ ಎಲ್ಲ ಶಾಖೆಗಳೂ ಒಟ್ಟಿಗೆ ಬಿದ್ದರೆ ಏನು ಗತಿ?
— ಹೆಸರು ಬೇಡ ಎಂದಿರುವ ಓದುಗರು, ಶಿರಸಿ

ಉತ್ತರ: ಆನ್ಸಿಬಲ್ ಕಲಿಯುವುದು ಕಷ್ಟವಲ್ಲ. ಅದು ಸ್ವಿಚ್ಚಿನೊಳಗೆ ಏನನ್ನೂ ಕೂರಿಸುವುದಿಲ್ಲ. ನೀವು ಈಗ ಲಾಗಿನ್ ಆಗುವ ಎಸ್‌ಎಸ್‌ಎಚ್ ದಾರಿಯಲ್ಲೇ ಹೋಗಿ ನಿಮ್ಮ ಬದಲಿಗೆ ಕಮಾಂಡ್ ಕೊಟ್ಟು ಬರುತ್ತದೆ. ಕಚೇರಿಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಪಿಸಿಗೆ ಲಿನಕ್ಸ್ ಹಾಕಿಕೊಂಡರೆ ಸಾಕು. ಯುಪಿಎಸ್ ಮಾತ್ರ ಇರಲಿ. ನಮ್ಮ ಊರಿನ ಕರೆಂಟಿನ ಬಗ್ಗೆ ನಾನು ನಿಮಗೆ ಹೇಳಬೇಕಾಗಿಲ್ಲ.

ತೊಡಕು ಇರುವುದು ಬೇರೆ ಕಡೆ. ನೀವು ಸ್ವಿಚ್ಚಿನ ಲೆಕ್ಕದಲ್ಲಿ ಯೋಚಿಸುತ್ತಿದ್ದೀರಿ. ಸುಮಾರು ಎಲ್ಲರೂ ಹಾಗೇ ಶುರು ಮಾಡುತ್ತಾರೆ, ಸ್ವಿಚ್ಚಿಗೊಂದು ಫೈಲ್, ಅದರೊಳಗೆ ಇಂಟರ್‌ಫೇಸುಗಳ ಪಟ್ಟಿ. ಆದರೆ ಓಎಸ್‌ಪಿಎಫ್‌ನ ಇಂಟರ್‌ಫೇಸ್ ಸೆಟ್ಟಿಂಗ್ ಒಂದು ಸ್ವಿಚ್ಚಿನ ಸ್ವಂತ ವಿಷಯವಲ್ಲ, ಅದು ಎರಡು ತುದಿಗಳ ಒಪ್ಪಂದ. ಹಲೋ, ಡೆಡ್ (ಹಲೋ ಬಾರದೆ ಇಷ್ಟು ಸೆಕೆಂಡು ಕಳೆದರೆ ನೆರೆ ಸತ್ತಿತೆಂದು ಲೆಕ್ಕ), ಏರಿಯಾ (ಓಎಸ್‌ಪಿಎಫ್ ಜಾಲದ ವಿಭಾಗ), ಪಾಸ್‌ವರ್ಡ್ — ಇವುಗಳಲ್ಲಿ ಒಂದು ಹೊಂದದಿದ್ದರೂ ನೆರೆ ಸಂಬಂಧ, ಅಂದರೆ ಎರಡು ಸ್ವಿಚ್ಚುಗಳ ಓಎಸ್‌ಪಿಎಫ್ ಜೋಡಣೆ, ಏಳುವುದೇ ಇಲ್ಲ. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಹೊಂದದಿದ್ದರೆ ಎದ್ದ ಹಾಗೆ ಮಾಡಿ ಎಕ್ಸ್‌ಸ್ಟಾರ್ಟ್ ಎಂಬ ನಡುವಿನ ಹಂತದಲ್ಲೇ ಕೂತುಬಿಡುತ್ತದೆ. ನೆಟ್‌ವರ್ಕ್ ಟೈಪ್ ಒಂದು ಕಡೆ ಬ್ರಾಡ್‌ಕಾಸ್ಟ್ (ಹಲವು ಸ್ವಿಚ್ ಇರಬಹುದಾದ ಜಾಲ), ಇನ್ನೊಂದು ಕಡೆ ಪಾಯಿಂಟ್-ಟು-ಪಾಯಿಂಟ್ (ಎರಡೇ ತುದಿ) ಆದರೆ ಇನ್ನೂ ಫಜೀತಿ: ಸ್ಥಿತಿ ಫುಲ್ (ಜೋಡಣೆ ಪೂರ್ಣ) ಎಂದೇ ತೋರಿಸುತ್ತದೆ, ರೂಟುಗಳು ಮಾತ್ರ ಟೇಬಲ್ಲಿಗೆ ಬರುವುದಿಲ್ಲ.

ಕಾಸ್ಟ್ ಎರಡೂ ಕಡೆ ಒಂದೇ ಇರಬೇಕೆಂಬ ನಿಯಮವಿಲ್ಲ. ಅದಕ್ಕೇ ಅದು ಹೆಚ್ಚು ಕಾಡುತ್ತದೆ. ಕಾಸ್ಟ್ ಎಂಬುದು ಹೊರಗೆ ಹೋಗುವ ದಿಕ್ಕಿಗೆ ಮಾತ್ರ. ಶಿರಸಿ ತುದಿಯಲ್ಲಿ ಏರಿಸಿ ಕುಮಟಾ ತುದಿ ಬಿಟ್ಟುಹೋದರೆ, ಇಲ್ಲಿಂದ ಹೋಗುವುದು ವೈರ್‌ಲೆಸ್ ಹಿಡಿಯುತ್ತದೆ, ಅಲ್ಲಿಂದ ಬರುವುದು ಅದೇ ಒದ್ದಾಡುವ ಫೈಬರಿನಲ್ಲಿ ಬರುತ್ತದೆ. ನೀವು ಬದಲಿಸಿ ಮಲಗಿದ ಮೇಲೂ ಬೆಳಿಗ್ಗೆ ಕೌಂಟರಿನಿಂದ "ತಿರುಗ್ತಾನೇ ಇದ್ದು, ಎಂಟ್ರಿ ಬತ್ತಿಲ್ಲೆ" ಎಂಬ ಫೋನು ಬರುವುದಕ್ಕೆ ಇದೇ ಕಾರಣ ಇರಬಹುದು, ನೋಡಿ.

ಆದ್ದರಿಂದ ಲಿಂಕಿಗೊಂದರಂತೆ ಬರೆಯಿರಿ. ಉದಾಹರಣೆಗೆ: ಹೆಸರು, ಕುಮಟಾ-ಫೈಬರ್. ಹತ್ತಿರದ ತುದಿ, ಶಿರಸಿ, ಇಥರ್ನೆಟ್ 1/3. ದೂರದ ತುದಿ, ಕುಮಟಾ, ಗಿಗಾಬಿಟ್ 1/0/24. ಏರಿಯಾ 0.0.0.0. ಟೈಪ್ ಪಾಯಿಂಟ್-ಟು-ಪಾಯಿಂಟ್. ಹಲೋ 10, ಡೆಡ್ 40. ಕಾಸ್ಟ್ 10. ಮುಗಿಯಿತು. ಕಾಸ್ಟ್ ಎಂಬ ಅಂಕಿ ಇಡೀ ಫೈಲಿನಲ್ಲಿ ಆ ಲಿಂಕಿಗೆ ಒಂದೇ ಸಲ ಬರುತ್ತದೆ. ಎರಡು ತುದಿಗೆ ಎರಡು ಅಂಕಿ ಬರೆಯಲು ಜಾಗವೇ ಇಲ್ಲ. ಯಾವ ಸ್ವಿಚ್ಚಿಗೆ ಯಾವ ಸಾಲು ಹೋಗಬೇಕು ಎಂದು ಆರಿಸುವ ಕೆಲಸ ಪ್ಲೇಬುಕ್ಕಿನದು (ಆನ್ಸಿಬಲ್ ಏನೇನು ಮಾಡಬೇಕೆಂದು ಬರೆದಿಡುವ ಫೈಲ್). ಏರಿಯಾವನ್ನು ಬರಿಯ 0 ಎಂದು ಬರೆಯಬೇಡಿ. ನೆಕ್ಸಸ್ ತನ್ನ ಕಾನ್ಫಿಗ್‌ನಲ್ಲಿ ಅದನ್ನು 0.0.0.0 ಎಂದೇ ತೋರಿಸುತ್ತದೆ. ಎರಡೂ ಒಂದೇ ರೂಪದಲ್ಲಿದ್ದರೆ ಹೋಲಿಸುವಾಗ ತಲೆನೋವಿಲ್ಲ.

ಅಂಕಿ ಬರೆಯುವ ಮೊದಲು ಈಗ ಸ್ವಿಚ್ಚುಗಳಲ್ಲಿ ಏನಿದೆ ಎಂದು ಓದಿಕೊಳ್ಳಿ. ಆನ್ಸಿಬಲ್‌ನಲ್ಲಿ ಈ ಕೆಲಸಕ್ಕೆ ನೆಕ್ಸಸ್ಸಿಗೆ ಒಂದು ಮಾಡ್ಯೂಲ್ (ಸಿದ್ಧ ತುಣುಕು), ಕ್ಯಾಟಲಿಸ್ಟಿಗೆ ಇನ್ನೊಂದು ಇದೆ. ಎರಡರ ಹೆಸರೂ 'ಓಎಸ್‌ಪಿಎಫ್ ಇಂಟರ್‌ಫೇಸಸ್' ಎಂದೇ ಮುಗಿಯುತ್ತದೆ. ಹುಡುಕುವಾಗ ನೆಕ್ಸಸ್ಸಿನ 'ಇಂಟರ್‌ಫೇಸ್ ಓಎಸ್‌ಪಿಎಫ್' ಎಂಬ ಹಳೆಯ ಮಾಡ್ಯೂಲಿನ ಉದಾಹರಣೆಗಳೂ ಸಿಗುತ್ತವೆ, ಅದನ್ನು ಕೈಬಿಟ್ಟಿದ್ದಾರೆ, ಆ ದಾರಿ ಬೇಡ. ಹೊಸದಕ್ಕೆ ಸ್ಟೇಟ್ (ಏನು ಮಾಡಬೇಕೆಂದು ಹೇಳುವ ಆಯ್ಕೆ) 'ಗ್ಯಾದರ್ಡ್' ಎಂದು ಕೊಟ್ಟರೆ ಏನನ್ನೂ ಮುಟ್ಟದೆ ಇದ್ದದ್ದನ್ನು ತಂದುಕೊಡುತ್ತದೆ. ಅದನ್ನು ಮುಂದಿಟ್ಟುಕೊಂಡು ಎರಡು ವಿಷಯ ನೋಡಿ.

ಒಂದು, ಯಾವುದಾದರೂ ಶಾಖೆಯಲ್ಲಿ ಡೆಡ್ ಟೈಮರನ್ನು ಯಾರೋ ಕೈಯಾರೆ ಬರೆದಿಟ್ಟಿದ್ದಾರೆಯೇ? ಬರೆಯದಿದ್ದರೆ ಡೆಡ್ ತಾನಾಗಿ ಹಲೋದ ನಾಲ್ಕು ಪಟ್ಟು ಆಗುತ್ತದೆ. ಬರೆದಿದ್ದರೆ ನೀವು ಹಲೋ ಇಳಿಸಿದರೂ ಡೆಡ್ ಹಳೆಯದೇ ಉಳಿದು ಆ ಒಂದು ಶಾಖೆ ಮಾತ್ರ ಕೈಕೊಡುತ್ತದೆ.

ಎರಡು, ಕಾಸ್ಟನ್ನು ಎಲ್ಲ ಕಡೆ ಸ್ಪಷ್ಟವಾಗಿ ಬರೆದಿದೆಯೇ? ನಿಮ್ಮಲ್ಲಿ ಎರಡು ಜಾತಿಯ ಸ್ವಿಚ್ ಇರುವುದರಿಂದ ಇದನ್ನು ಕಡೆಗಣಿಸಬೇಡಿ. ಕ್ಯಾಟಲಿಸ್ಟ್ 100 ಎಂಬಿಪಿಎಸ್ ಆಧಾರ ಇಟ್ಟುಕೊಂಡು ಕಾಸ್ಟ್ ಲೆಕ್ಕ ಹಾಕುತ್ತದೆ, ನೆಕ್ಸಸ್ 40 ಜಿಬಿಪಿಎಸ್ ಇಟ್ಟುಕೊಂಡು (ಆಧಾರವನ್ನು ಲಿಂಕಿನ ವೇಗದಿಂದ ಭಾಗಿಸಿದ್ದೇ ಕಾಸ್ಟ್, 1ಕ್ಕಿಂತ ಕಡಿಮೆ ಬಂದರೆ 1). ಒಂದೇ 1 ಜಿಬಿಪಿಎಸ್ ಲಿಂಕು ಶಿರಸಿಯಿಂದ ನೋಡಿದರೆ 40, ಕುಮಟಾದಿಂದ ನೋಡಿದರೆ 1. ಅಷ್ಟೇ ಆಗಿದ್ದರೆ ಬಿಡಬಹುದಿತ್ತು. ಕುಮಟಾದಲ್ಲಿ ವೈರ್‌ಲೆಸ್ ರೇಡಿಯೋ 100 ಎಂಬಿಪಿಎಸ್ ಪೋರ್ಟಿನಲ್ಲಿದ್ದರೂ ಅದಕ್ಕೂ 1 ಬರುತ್ತದೆ. ಆಗ ಎರಡೂ ಸಮ ಎಂದುಕೊಂಡು ಆ ಸ್ವಿಚ್ ಟ್ರಾಫಿಕ್ಕನ್ನು ಫೈಬರಿಗೂ ರೇಡಿಯೋಗೂ ಹಂಚುತ್ತದೆ. ಫೈಬರಿಗೆ 10, ರೇಡಿಯೋಗೆ 100 ಎಂದು ಪ್ರತಿ ಲಿಂಕಿಗೂ ನೀವೇ ಬರೆದುಬಿಡಿ, ಆಧಾರದ ಗೊಡವೆಯೇ ಬೇಡ.

ಇನ್ನು ನಿಮ್ಮ ಹೆದರಿಕೆಯ ವಿಷಯ. ಎಲ್ಲ ಶಾಖೆಗಳನ್ನೂ ಒಟ್ಟಿಗೆ ಬೀಳಿಸಬಲ್ಲ ಒಂದು ಪದ ಆ ಮಾಡ್ಯೂಲಿನಲ್ಲಿ ನಿಜಕ್ಕೂ ಇದೆ: 'ಓವರ್‌ರಿಡನ್'. 'ಮರ್ಜ್ಡ್' ಎಂದರೆ ನೀವು ಕೊಟ್ಟದ್ದನ್ನು ಸೇರಿಸುತ್ತದೆ. 'ರಿಪ್ಲೇಸ್ಡ್' ಎಂದರೆ ನೀವು ಹೆಸರಿಸಿದ ಇಂಟರ್‌ಫೇಸನ್ನು ಮಾತ್ರ ನಿಮ್ಮ ಫೈಲಿನ ಹಾಗೆ ಮಾಡುತ್ತದೆ. 'ಓವರ್‌ರಿಡನ್' ಮಾತ್ರ ನೀವು ಹೆಸರಿಸದ ಇಂಟರ್‌ಫೇಸುಗಳ ಓಎಸ್‌ಪಿಎಫ್ ಸೆಟ್ಟಿಂಗನ್ನೂ ಕಿತ್ತುಹಾಕುತ್ತದೆ. ಬ್ರಷ್ ಕಟರ್ ಕೊಟ್ಟು ತೋಟದ ಕಳೆ ಸವರು ಎಂದರೆ ಏಲಕ್ಕಿ ಹಿಂಡನ್ನೂ ಸವರಿಟ್ಟ ಹಾಗೆ. ಕುಮಟಾ ಲಿಂಕೊಂದನ್ನೇ ಕೊಟ್ಟು ಶಿರಸಿಯ ನೆಕ್ಸಸ್ ಮೇಲೆ ಇದನ್ನು ಓಡಿಸಿದರೆ ಉಳಿದ ಮೂರೂ ಶಾಖೆ ಹೋದವು. ನಿಮಗೆ 'ರಿಪ್ಲೇಸ್ಡ್' ಸರಿ.

ಓಡಿಸುವ ಕ್ರಮ ನಾನು ಹೇಳುವುದು ಹೀಗೆ. ಒಂದು ಸಲಕ್ಕೆ ಒಂದೇ ಲಿಂಕು, ಅದರ ಹೆಸರನ್ನು ಓಡಿಸುವಾಗಲೇ ಕೇಳುವಂತೆ ಪ್ಲೇಬುಕ್ ಬರೆಯಿರಿ. ಒಂದು ಶಾಖೆಯ ಫೈಬರ್, ವೈರ್‌ಲೆಸ್ ಎರಡನ್ನೂ ಒಂದೇ ಓಟದಲ್ಲಿ ಯಾವ ಕಾರಣಕ್ಕೂ ಮುಟ್ಟಬೇಡಿ. ಮೊದಲ ಹೆಜ್ಜೆಯೇ ಬ್ಯಾಕಪ್ಪಿನ ನೆರೆ ಫುಲ್ ಸ್ಥಿತಿಯಲ್ಲಿದೆಯೇ ಎಂಬ ತಪಾಸಣೆ ಆಗಿರಲಿ. ಇಲ್ಲದಿದ್ದರೆ ಪ್ಲೇಬುಕ್ ಅಲ್ಲಿಗೇ ನಿಲ್ಲಬೇಕು. ಆಮೇಲೆ ಎರಡೂ ತುದಿಯಲ್ಲಿ ಫೈಬರಿನ ಕಾಸ್ಟನ್ನು ರೇಡಿಯೋಗಿಂತ ಮೇಲೆ ಏರಿಸಿ. ಟ್ರಾಫಿಕ್ ವೈರ್‌ಲೆಸ್ಸಿಗೆ ಸರಿಯುತ್ತದೆ, ಕೌಂಟರಿನವರಿಗೆ ಗೊತ್ತೂ ಆಗುವುದಿಲ್ಲ. ಈಗ ಖಾಲಿ ಇರುವ ಫೈಬರ್ ಮೇಲೆ ಹಲೋ ಬದಲಿಸಿ, ದೂರದ ತುದಿ ಮೊದಲು, ಹತ್ತಿರದ್ದು ಆಮೇಲೆ. ಹತ್ತಿರದ್ದನ್ನು ಮೊದಲು ಬದಲಿಸಿ ಆ ಹೊತ್ತಿಗೇ ರೇಡಿಯೋ ಕೈಕೊಟ್ಟರೆ, ಡೆಡ್ ಟೈಮರ್ ಮುಗಿದ ಮೇಲೆ ಕುಮಟಾ ಸ್ವಿಚ್ಚಿಗೆ ನಿಮಗೆ ರೂಟೇ ಇರುವುದಿಲ್ಲ. ಹಾಗಾದರೂ ದೇವಿಮನೆ ಘಟ್ಟ ಇಳಿಯಲು ಹೊರಡಬೇಡಿ: ಶಿರಸಿಯ ನೆಕ್ಸಸ್ಸಿಗೆ ಲಾಗಿನ್ ಆಗಿ, ಅಲ್ಲಿಂದ ಫೈಬರಿನ ಆಚೆ ತುದಿಯ ಐಪಿಗೇ ಎಸ್‌ಎಸ್‌ಎಚ್ ಮಾಡಿ. ನೇರ ಜೋಡಣೆಯ ವಿಳಾಸಕ್ಕೆ ಓಎಸ್‌ಪಿಎಫ್ ಬೇಕಾಗಿಲ್ಲ. ನೆರೆ ಮತ್ತೆ ಫುಲ್ ಆದ ಮೇಲೆ ಕಾಸ್ಟ್ ಇಳಿಸಿ.

ಸೇವ್ ಮಾಡುವುದು ಎಲ್ಲಕ್ಕಿಂತ ಕೊನೆಗೆ. ಈ ಮಾಡ್ಯೂಲುಗಳು ಓಡುತ್ತಿರುವ ಕಾನ್ಫಿಗ್ಗನ್ನು ಮಾತ್ರ ಬದಲಿಸುತ್ತವೆ, ಹಾಗಾಗಿ ಸೇವ್ ಮಾಡುವವರೆಗೆ ಶಾಖೆಯವರು ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಹಳೆಯದು ಮರಳುತ್ತದೆ. ಇದೇ ಗುಣವನ್ನು ಬಳಸಿಕೊಳ್ಳಬಹುದು: ಬದಲಿಸುವ ಮೊದಲು ಕ್ಯಾಟಲಿಸ್ಟಿಗೆ 'ರೀಲೋಡ್ ಇನ್ 10' ಕೊಡಿ, ಎಲ್ಲ ಸರಿಯಾದರೆ ರದ್ದು ಮಾಡಿ. ಸೇವ್ ಮಾಡಲೇ ಎಂದು ಅದು ಕೇಳಿದರೆ ಉತ್ತರ 'ನೋ'. ಬದಲಿಸಿದ ಮೇಲೆ ಇದನ್ನು ಕೊಟ್ಟು ಅಭ್ಯಾಸಬಲದಿಂದ 'ಎಸ್' ಹೊಡೆದರೆ ಮರಳಿ ಬರಲು ಹಳೆಯದೇ ಉಳಿಯುವುದಿಲ್ಲ. ನೆಕ್ಸಸ್ಸಿನಲ್ಲಿ ಚೆಕ್‌ಪಾಯಿಂಟ್ (ಈಗಿನ ಕಾನ್ಫಿಗ್ಗಿನ ಪ್ರತಿ) ಇಟ್ಟು ಬೇಕಾದಾಗ ಅದಕ್ಕೇ ಮರಳುವ, ಅಂದರೆ ರೋಲ್‌ಬ್ಯಾಕ್ ಮಾಡುವ ಸೌಕರ್ಯ ಇದೆ, ರೀಲೋಡ್ ಬೇಡ.

ಹಲೋವನ್ನು ಎಲ್ಲಿಗೆ ಇಳಿಸಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮಲ್ಲಿ ಫೈಬರ್ ನೇರವಾಗಿ ಸ್ವಿಚ್ಚಿಗೆ ಬರುತ್ತದೆಯೇ, ನಡುವೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್ಲಿಗೆ ಬದಲಿಸುವ ಡಬ್ಬಿ) ಇದೆಯೇ ಎಂದು ಮೊದಲು ನೋಡಿ. ಕನ್ವರ್ಟರ್ ಇದ್ದರೆ ಘಟ್ಟದಲ್ಲಿ ಜೆಸಿಬಿ ಫೈಬರ್ ಕಡಿದರೂ ಸ್ವಿಚ್ಚಿನ ಪೋರ್ಟು ಹಸಿರಾಗಿಯೇ ಇರಬಹುದು. ಓಎಸ್‌ಪಿಎಫ್ 40 ಸೆಕೆಂಡು ಕಾಯುತ್ತದೆ, ಅಷ್ಟು ಹೊತ್ತು ಪ್ಯಾಕೆಟ್ ನೀರಿಗೆ. ಅಂಥ ಕಡೆ ಹಲೋ 3, ಡೆಡ್ 12 ಮಾಡಿದರೆ ಲಾಭ ಇದೆ. ಪೋರ್ಟು ತಾನೇ ಬೀಳುವ ಕಡೆ ಇದರಿಂದ ಹೆಚ್ಚೇನೂ ಸಿಗುವುದಿಲ್ಲ. ಒಂದು ಸೆಕೆಂಡಿಗೆ ಮಾತ್ರ ಇಳಿಸಬೇಡಿ. ಒದ್ದಾಡುವ ಲೈನಿನ ಮೇಲೆ ಅದು ಇನ್ನಷ್ಟು ಒದ್ದಾಟವನ್ನೇ ತರುತ್ತದೆ.

ಪ್ರಶ್ನೆ: ನಾನು ಕಾರವಾರದಲ್ಲಿ ಬಿಸಿಎ ಓದುತ್ತಿದ್ದೇನೆ. ಸ್ವಿಚ್ ಇಲ್ಲದೆ ಇದನ್ನೆಲ್ಲ ಲ್ಯಾಪ್‌ಟಾಪಿನಲ್ಲೇ ಕಲಿಯಬಹುದೇ?

ಉತ್ತರ: ಧಾರಾಳವಾಗಿ. ಲಿನಕ್ಸ್ ಮೇಲೆ ಕಂಟೈನರ್‌ಲ್ಯಾಬ್ (ಒಂದೇ ಗಣಕದಲ್ಲಿ ನೆಟ್‌ವರ್ಕ್ ಕಟ್ಟಿ ನೋಡುವ ಸಾಧನ) ಹಾಕಿ, ಅದರಲ್ಲಿ ಎಫ್ಆರ್‌ಆರ್ ಎಂಬ ಉಚಿತ ರೂಟಿಂಗ್ ಸಾಫ್ಟ್‌ವೇರಿನ ಎರಡು ಕಂಟೈನರ್ ಎಬ್ಬಿಸಿ ಓಎಸ್‌ಪಿಎಫ್ ಜೋಡಿಸಿ. ಜೋಡಿಸಿದ ಮೇಲೆ ಕೆಡಿಸಿ: ಒಂದು ಕಡೆ ಹಲೋ ಬದಲಿಸಿ, ಇನ್ನೊಂದು ಸಲ ಎಂಟಿಯು, ಮತ್ತೊಂದು ಸಲ ಏರಿಯಾ. ಪ್ರತಿ ಸಲವೂ ಟಿಸಿಪಿಡಂಪ್‌ನಲ್ಲಿ (ಪ್ಯಾಕೆಟ್ ಹಿಡಿದು ತೋರಿಸುವ ಸಾಧನ) ಓಎಸ್‌ಪಿಎಫ್ ಹಲೋ ಬಳಸುವ 224.0.0.5 ವಿಳಾಸಕ್ಕೆ ಹೋಗುವ ಪ್ಯಾಕೆಟ್ಟುಗಳನ್ನು ನೋಡುತ್ತ ಕೂರಿ. ಓಎಸ್‌ಪಿಎಫ್ ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ, ಐಪಿ ಮೇಲೆ ನೇರವಾಗಿ 89ನೇ ಪ್ರೋಟೋಕಾಲ್. ಪಿಂಗ್ ಹೋಗುತ್ತದೆ, ನೆರೆ ಮಾತ್ರ ಏಳುತ್ತಿಲ್ಲ ಎಂದು ಮುಂದೊಂದು ದಿನ ಯಾರಾದರೂ ಗೋಳಾಡಿದಾಗ, ನಡುವಿನ ಫೈರ್‌ವಾಲ್ 89ನ್ನು ತಡೆದಿದೆಯೇ ಎಂದು ನೀವು ಕೇಳುತ್ತೀರಿ. ಓಎಸ್‌ಪಿಎಫ್‌ನ ಅಧಿಕೃತ ವಿವರಣೆಯಾದ 1998ರ ಆರ್‌ಎಫ್‌ಸಿ 2328 ಪೂರ್ತಿ ಓದಲು ಹೋಗಬೇಡಿ, ಹಲೋ ಪ್ಯಾಕೆಟ್ ಬಂದಾಗ ಏನು ಮಾಡಬೇಕೆಂದು ಹೇಳುವ 10.5ನೇ ಭಾಗ ಓದಿ. ಪಾಯಿಂಟ್-ಟು-ಪಾಯಿಂಟ್ ಲಿಂಕಿನಲ್ಲಿ ಸಬ್‌ನೆಟ್ ಮಾಸ್ಕ್ ಹೋಲಿಸುವುದಿಲ್ಲ ಎಂಬ ಸಂಗತಿ ಅಲ್ಲೇ ಇದೆ. ಸಂದರ್ಶನಗಳಲ್ಲಿ ಇದನ್ನು ಕೇಳುವವರಿದ್ದಾರೆ.

ಪ್ರಶ್ನೆ: ಓಎಸ್‌ಪಿಎಫ್ ಎಂಡಿ5 ಪಾಸ್‌ವರ್ಡನ್ನು ಪ್ಲೇಬುಕ್ಕಿನಲ್ಲೇ ಬರೆದಿಟ್ಟರೆ ತೊಂದರೆಯೇ? ಇನ್ನೊಂದು, ಏನೂ ಬದಲಾಗದಿದ್ದರೂ ಪ್ಲೇಬುಕ್ ಓಡಿಸಿದ ಪ್ರತಿ ಸಲ 'ಚೇಂಜ್ಡ್' (ಬದಲಾಯಿತು) ಎಂದು ಬರುತ್ತದಲ್ಲ?
— ಒಬ್ಬ ಓದುಗರು, ಯಲ್ಲಾಪುರ

ಉತ್ತರ: ಬರೆಯಬೇಡಿ. ಗುಟ್ಟಿನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಆನ್ಸಿಬಲ್ ವಾಲ್ಟ್‌ನಲ್ಲಿ ಇಡಿ. 'ಚೇಂಜ್ಡ್' ಬರಲು ಕಾರಣ, ನೀವು ಕೊಡುವುದು ನೇರವಾಗಿ ಓದಬಹುದಾದ ಪಾಸ್‌ವರ್ಡ್, ಸ್ವಿಚ್ ತೋರಿಸುವುದು ಅದರ ಗೂಢರೂಪ. ಎರಡು ಹೊಂದುವುದಿಲ್ಲವಾದ್ದರಿಂದ ಬದಲಾಗಿದೆ ಎಂದೇ ಲೆಕ್ಕ. ಪಾಸ್‌ವರ್ಡಿನ ಕೆಲಸವನ್ನು ಬೇರೆ ಪ್ಲೇಬುಕ್ಕಿಗೆ ತೆಗೆದುಹಾಕಿ, ಅದನ್ನು ಪಾಸ್‌ವರ್ಡ್ ಬದಲಿಸುವ ದಿನ ಮಾತ್ರ ಓಡಿಸಿ. ದಿನನಿತ್ಯದ ಪ್ಲೇಬುಕ್ಕಿನಲ್ಲಿ 'ರಿಪ್ಲೇಸ್ಡ್' ಬದಲು 'ಮರ್ಜ್ಡ್' ಇರಲಿ, ಇಲ್ಲದಿದ್ದರೆ ಫೈಲಿನಲ್ಲಿಲ್ಲದ ಪಾಸ್‌ವರ್ಡನ್ನು ಅದು ಕಿತ್ತುಹಾಕುತ್ತದೆ. ಆಗ ಅದನ್ನು ಚೆಕ್ ಮೋಡಿನಲ್ಲಿ (ಏನನ್ನೂ ಬದಲಿಸದೆ) ಓಡಿಸಿದಾಗ 'ಚೇಂಜ್ಡ್' ಬಂದರೆ, ಯಾರೋ ಸ್ವಿಚ್ಚಿಗೆ ನೇರ ಲಾಗಿನ್ ಆಗಿ ಕೈಯಾಡಿಸಿದ್ದಾರೆ ಎಂದು ನೀವು ವಿಚಾರಿಸಬಹುದು.