ಗೋಡೆಗೆ ಬಣ್ಣ ಬಂತು, ಮಕ್ಕಳು ಎಲ್ಲಿ ಹೋದರು?

ಓದುಗರ ಪತ್ರ: ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಿದ ನಾವು ಕೆಲವು ಗೆಳೆಯರು ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದೇವೆ. ಹಣ ಕೂಡಿಸಿ ಶಾಲೆಗೆ ಬಣ್ಣ ಹೊಡೆಸಿದೆವು, ಡೆಸ್ಕು ಮತ್ತು ಸ್ಮಾರ್ಟ್ ಟಿವಿ ಕೊಟ್ಟೆವು. ಜನವರಿಯಲ್ಲಿ ಹೋಗಿ ನೋಡಿದರೆ ಏಳನೆಯ ತರಗತಿಯ ಅರ್ಧ ಡೆಸ್ಕುಗಳು ಖಾಲಿ. ಲಂಬಾಣಿ ತಾಂಡಾದ ಮಕ್ಕಳು ಅಪ್ಪ ಅಮ್ಮನ ಜೊತೆ ಗುಳೆ ಹೋಗಿದ್ದಾರೆ ಎಂದರು ಗುರುಗಳು. ಊರು ಬಿಟ್ಟು ಬಂದ ನಾವು ಈ ಮಕ್ಕಳಿಗಾಗಿ ಇನ್ನೇನು ಮಾಡಲು ಸಾಧ್ಯ?

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನೀವು ಹುಡುಕುತ್ತಿರುವ ಮಕ್ಕಳಲ್ಲಿ ಕೆಲವರು ಬಹುಶಃ ನಿಮ್ಮ ಕಚೇರಿಯ ಕೂಗಳತೆಯಲ್ಲೇ ಇದ್ದಾರೆ. ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳಿಂದ ಗುಳೆ ಬರುವ ಎಷ್ಟೋ ಕುಟುಂಬಗಳಿಗೆ ಬೆಂಗಳೂರಿನ ಕಟ್ಟಡ ಕಾಮಗಾರಿಯೇ ಅನ್ನ. ನಿವೇಶನದ ಪಕ್ಕದ ತಗಡಿನ ಶೆಡ್ಡೇ ಮನೆ. ತಾಯಿ ಇಟ್ಟಿಗೆ ಹೊರುವಾಗ ಹತ್ತು ವರ್ಷದ ಮಗಳು ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಶೆಡ್ ಕಾಯುತ್ತಾಳೆ. ಸುರಪುರದ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತಲೇ ಇರುತ್ತದೆ. ಬೆಂಗಳೂರಿನ ಯಾವ ಶಾಲೆಯ ಪುಸ್ತಕದಲ್ಲೂ ಅವಳ ಹೆಸರಿಲ್ಲ. ಊರು ಬಿಟ್ಟು ಬಂದವರು ಎಂದು ನೊಂದುಕೊಂಡಿದ್ದೀರಿ. ಆ ಊರು ಮತ್ತು ಈ ನಗರ ಎರಡರಲ್ಲೂ ಕಾಲಿಟ್ಟಿರುವ ನೀವು ಮಾಡಬಹುದಾದಷ್ಟನ್ನು ಊರಲ್ಲೇ ಉಳಿದವರೂ ಮಾಡಲಾರರು.

ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶವನ್ನು ತಡೆಹಿಡಿಯುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದು ಬಾಗಿಲು ಹಾಕುವಂತಿಲ್ಲ, ವರ್ಷದ ನಡುವೆ ಬಂದಿತೆಂದೂ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಇದಿಷ್ಟೂ ಕಾನೂನಿನಲ್ಲಿದೆ. ಶೆಡ್‌ನಲ್ಲಿರುವ ತಂದೆಗೆ ಇದು ಗೊತ್ತಿಲ್ಲ. ಗೊತ್ತಿದ್ದರೂ ಒಂದು ದಿನದ ಕೂಲಿ ಬಿಟ್ಟು ಅಪರಿಚಿತ ಶಾಲೆಯ ಮುಂದೆ ನಿಲ್ಲುವ ಧೈರ್ಯ ಬರುವುದಿಲ್ಲ. ಅವನ ಜೊತೆ ನಡೆದುಹೋಗಿ ಮುಖ್ಯಶಿಕ್ಷಕರೊಡನೆ ಮಾತಾಡಲು ಒಬ್ಬರು ಬೇಕು. ಅವನೂರಿನ ಮಾತು ಆಡುವವರಾದರೆ ಇನ್ನೂ ಒಳ್ಳೆಯದು. ಶಾಲೆಗೆ ನೀವು ಕೊಡಬಹುದಾದ ಅತಿ ಬೆಲೆಯ ಕೊಡುಗೆ ಆ ಅರ್ಧ ದಿನ ಎಂದು ನಾನು ನಂಬಿದ್ದೇನೆ.

ಬಣ್ಣ, ಡೆಸ್ಕು ವ್ಯರ್ಥವಾಯಿತು ಎಂದು ಹೇಳುತ್ತಿಲ್ಲ. ಚೆನ್ನಾಗಿರುವ ಕೋಣೆಯಲ್ಲಿ ಕೂರುವ ಹಕ್ಕು ಬಡವರ ಮಕ್ಕಳಿಗೂ ಇದೆ. ಆದರೆ ಗೋಡೆಗೆ ಹಣ ಕೊಡಲು ಶಿಕ್ಷಣ ಇಲಾಖೆ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಗೈರಾದ ಮಗುವಿನ ಬೆನ್ನು ಹತ್ತಿ ಹೋಗುವುದು ಯಾರ ನಿತ್ಯದ ಕೆಲಸವೂ ಆಗಿಲ್ಲ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಉಡುಪಿ ಶೇ 94 ಪಡೆದು ಮೊದಲಿಗೆ ನಿಂತಾಗ ಯಾದಗಿರಿ ಶೇ 50.59ರೊಂದಿಗೆ ಕೊನೆಯಲ್ಲಿತ್ತು. ನನ್ನನ್ನು ಇನ್ನೂ ಹೆಚ್ಚು ಕಾಡುವುದು ಪರೀಕ್ಷೆಯ ಕೋಣೆಯವರೆಗೂ ಬರಲಾರದೆ ಹೋದ ಮಕ್ಕಳು. ಅವರು ಈ ಶೇಕಡಾವಾರಿನ ಲೆಕ್ಕಕ್ಕೂ ಸಿಗುವುದಿಲ್ಲ.

ಇನ್ನು ಊರಿನ ಕಡೆಯ ಮಾತು. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ನಮ್ಮ ರಾಜ್ಯ 2001ರಲ್ಲೇ ರಚಿಸಿತು. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಶಿಫಾರಸು ಅದಕ್ಕೆ ಆಧಾರ. ದೇಶದ ಕಾನೂನು ಆಮೇಲೆ ಬಂತು: ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದವರಿಗೆ ತಕ್ಕ ಪ್ರಾತಿನಿಧ್ಯ ಸಿಗಬೇಕು. ನಿಮ್ಮೂರ ಸಮಿತಿಯಲ್ಲಿ ತಾಂಡಾದ ತಾಯಂದಿರು ಎಷ್ಟು ಮಂದಿ ಇದ್ದಾರೆ, ಸಭೆ ಎಷ್ಟು ಹೊತ್ತಿಗೆ ನಡೆಯುತ್ತದೆ ಎಂದು ಕೇಳಿ ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಗೆ ಹೋಗುವ ತಾಯಿ ಹೇಗೆ ಬರಬೇಕು? ಬರಲಿಲ್ಲವೆಂದರೆ ಪೋಷಕರಿಗೆ ಆಸಕ್ತಿಯಿಲ್ಲ ಎಂಬ ಷರಾ ಬೀಳುತ್ತದೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ತಾಂಡಾದಲ್ಲೇ, ಲಂಬಾಣಿಗರ ಗುರು ಸೇವಾಲಾಲರ ಗುಡಿಯ ಅಂಗಳದಲ್ಲಿ ಸಭೆ ನಡೆಯಲಿ. ತಾಂಡಾದ ಮುಖಂಡರಾದ ನಾಯಕ, ಕಾರಭಾರಿಯರು ಕರೆ ಕೊಟ್ಟರೆ ಮನೆಮನೆಯಿಂದ ಜನ ಬರುತ್ತಾರೆ. ಅಲ್ಲಿ ಉಪದೇಶ ಬೇಡ. ಈ ವರ್ಷ ಯಾರು ಗುಳೆ ಹೋಗುತ್ತೀರಿ, ಎಲ್ಲಿಗೆ, ಮಗುವನ್ನು ಅಜ್ಜಿಯ ಬಳಿ ಬಿಡಬಹುದೇ, ಬಿಟ್ಟರೆ ಸಂಜೆಯ ಊಟಕ್ಕೆ ಏನು ದಾರಿ ಎಂದು ಕೇಳಿದರೆ ಸಾಕು. ಶಾಲೆಯ ದಿನಗಳ ಮಧ್ಯಾಹ್ನದ ಊಟವನ್ನು ಅಕ್ಷರ ದಾಸೋಹ ನೋಡಿಕೊಳ್ಳುತ್ತದೆ. ರಾತ್ರಿಯೂಟ ಮತ್ತು ಭಾನುವಾರಗಳ ಹೊಣೆಯನ್ನು ನಿಮ್ಮ ಗೆಳೆಯರ ಬಳಗ ಹೊತ್ತರೆ ಎಷ್ಟೋ ಮಕ್ಕಳು ಊರಲ್ಲೇ ಉಳಿದಾರು. ಗುಳೆ ಹೋದವರ ಮಕ್ಕಳಿಗೆ ಹಂಗಾಮಿ ವಸತಿ ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲೂ ಅವಕಾಶವಿದೆ. ಸಮಿತಿ ಠರಾವು ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಯಲಿ.

ತಾಂಡಾದ ಮಗು ಮನೆಯಲ್ಲಿ ಆಡುವುದು ಲಂಬಾಣಿ. ಒಂದನೆಯ ತರಗತಿಯಲ್ಲಿ ಅದರ ಕಿವಿಗೆ ಬೀಳುವುದು ಅಷ್ಟಾಗಿ ಪರಿಚಯವಿಲ್ಲದ ಕನ್ನಡ. ತಿಂಗಳುಗಟ್ಟಲೆ ಸುಮ್ಮನೆ ಕೂತ ಮಗುವನ್ನು ದಡ್ಡ ಎನ್ನುತ್ತೇವೆ. ತಾಂಡಾದಲ್ಲಿ ಪಿಯುಸಿ ಓದಿದ ಹೆಣ್ಣುಮಗಳೊಬ್ಬಳು ದಿನಕ್ಕೆ ಎರಡು ಗಂಟೆ ಶಿಕ್ಷಕರ ಪಕ್ಕ ಕೂತು ಎರಡೂ ಮಾತಿನಲ್ಲಿ ಕಥೆ ಹೇಳಿದರೆ ಆ ಮಗುವಿನ ಬಾಯಿ ತೆರೆಯುತ್ತದೆ. ಅವಳಿಗೆ ಗೌರವಧನ ಕೊಡಲು ಇನ್ನೊಂದು ಟಿವಿ ಕೊಳ್ಳುವಷ್ಟೂ ಖರ್ಚಾಗದು. ಊರಿನ ಗ್ರಂಥಾಲಯವನ್ನೂ ಮರೆಯಬೇಡಿ. 2020ರಲ್ಲಿ ಬಂದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.

ನಿಮ್ಮ ಗೆಳೆಯರಲ್ಲಿ ಅರ್ಜಿ, ಪ್ರಮಾಣಪತ್ರಗಳ ಕೆಲಸ ಬಲ್ಲವರಿದ್ದರೆ ಐದನೆಯ ತರಗತಿಯ ಮಕ್ಕಳನ್ನು ಅವರಿಗೆ ಒಪ್ಪಿಸಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಆರನೆಯ ತರಗತಿಯಿಂದ ಪ್ರವೇಶ. ಜಾತಿ, ಆದಾಯ ಪ್ರಮಾಣಪತ್ರ ಸಕಾಲಕ್ಕೆ ಕೈಗೆ ಬಾರದೆ ಜಾಣ ಮಕ್ಕಳೂ ಅರ್ಜಿ ಹಾಕದೆ ಉಳಿಯುತ್ತಾರೆ. ವಸತಿ ಶಾಲೆ ಸಿಕ್ಕ ಮಗುವಿಗೆ ಗುಳೆಯ ಪ್ರಶ್ನೆಯೇ ಬರುವುದಿಲ್ಲ.

ಮತ್ತೊಂದು ಕೋರಿಕೆ. ಕೊಡುಗೆ ಹಿಡಿದು ನಿಂತ ಮಕ್ಕಳ ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದನ್ನು ದಯವಿಟ್ಟು ನಿಲ್ಲಿಸಿ. ಆ ಹುಡುಗ ನಾಳೆ ನಿಮ್ಮಂತೆಯೇ ನೌಕರಿ ಹಿಡಿಯುತ್ತಾನೆ. ಬ್ಯಾಗಿಗೆ ಕೈಯೊಡ್ಡಿದ ಚಿತ್ರ ಅವನ ಹಿಂದೆ ಬರಬಾರದು.

ದಸರಾ ರಜೆಗೆ ಮುನ್ನವೇ ಊರಿಗೆ ಹೋಗಿ ಬನ್ನಿ, ಏಕೆಂದರೆ ಹತ್ತಿ ಬಿಡಿಸುವ ಕೆಲಸ ಶುರುವಾದರೆ ರಜೆಗೆಂದು ಮನೆಗೆ ಹೋದ ಮಕ್ಕಳು ಹೊಲದಿಂದ ಶಾಲೆಗೆ ಮರಳುವುದು ಕಷ್ಟ. ಹಿಂದಿನ ವರ್ಷ ತಿಂಗಳುಗಟ್ಟಲೆ ಗೈರಾಗಿದ್ದವರ ಪಟ್ಟಿಯನ್ನು ಮುಖ್ಯಶಿಕ್ಷಕರ ಜೊತೆ ಕೂತು ಬರೆದುಕೊಳ್ಳಿ. ಅದರಲ್ಲಿ ತಂದೆಯ ಮೊಬೈಲ್ ಸಂಖ್ಯೆ ಮತ್ತು ಗುಳೆ ಹೋಗುವ ಜಾಗ ಇರಲಿ, ಪ್ರತಿ ಹೆಸರಿನ ಮುಂದೆ ನಿಮ್ಮ ಬಳಗದ ಒಬ್ಬರ ಹೆಸರೂ ಇರಲಿ. ಪಟ್ಟಿ ಮುಖ್ಯಶಿಕ್ಷಕರು, ಸಮಿತಿ ಮತ್ತು ನಿಮ್ಮ ನಡುವೆಯೇ ಉಳಿಯಬೇಕು. ಬೆಂಗಳೂರಿನ ಯಾವುದಾದರೂ ಶಾಲೆ ನಿಮ್ಮೂರ ಮಗುವಿಗೆ ಪ್ರವೇಶ ನಿರಾಕರಿಸಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಟ್ಟು, ಅದರ ಪ್ರತಿಯನ್ನು ನಮಗೂ ಕಳಿಸಿ.

— ಸಂಪಾದಕ